ರಾತ್ ಐಆರ್‌ಎಗೆ ಶೂನ್ಯ ಶುಲ್ಕದ ಇಂಡೆಕ್ಸ್ ಫಂಡ್: ಬ್ರೋಕರ್ ಬದಲಿಸುವಷ್ಟು ಲಾಭ ಇದೆಯಾ?

ಸುಮ್ನೆ_ಕೇಳ್ತೀನಿ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಹೂಡಿಕೆ ಮಾಡುತ್ತಿರುವವರು ಇಲ್ಲಿ ತುಂಬಾ ಜನ ಇದ್ದೀರಿ ಅಂತ ಕೇಳುತ್ತಿದ್ದೇನೆ.

ನನ್ನ ರಾತ್ ಐಆರ್‌ಎಯಲ್ಲಿ (ತೆರಿಗೆ ಕಟ್ಟಿದ ಹಣ ಹಾಕಿ, ನಿವೃತ್ತಿಯಲ್ಲಿ ತೆರಿಗೆ ಇಲ್ಲದೆ ತೆಗೆಯುವ ಖಾತೆ) ಸುಮಾರು 40,000 ಡಾಲರ್ ಇದೆ. ಎಲ್ಲವೂ ವಿಟಿಐನಲ್ಲಿದೆ (ಅಮೆರಿಕದ ಇಡೀ ಷೇರು ಮಾರುಕಟ್ಟೆಯ ಸೂಚ್ಯಂಕವನ್ನು ಹಿಂಬಾಲಿಸುವ ವ್ಯಾನ್‌ಗಾರ್ಡ್ ಫಂಡ್), ಅದರ ಎಕ್ಸ್‌ಪೆನ್ಸ್ ರೇಶಿಯೋ, ಅಂದರೆ ಫಂಡ್ ವರ್ಷಕ್ಕೆ ತೆಗೆದುಕೊಳ್ಳುವ ಶುಲ್ಕ, 0.03%. ಖಾತೆ ಫಿಡೆಲಿಟಿಯಲ್ಲಿಲ್ಲ, ಬೇರೆ ಬ್ರೋಕರ್ ಹತ್ತಿರ ಇದೆ. ಆಫೀಸಿನಲ್ಲಿ ಒಬ್ಬರು ಫಿಡೆಲಿಟಿಯ ಝೀರೋ ಫಂಡ್ ಬಗ್ಗೆ ಹೇಳಿದರು. ಎಫ್‌ಝಡ್‌ಆರ್‌ಒಎಕ್ಸ್ ಅಂತ ಇದೆ, ಅದಕ್ಕೆ ಶುಲ್ಕ 0%, ಕನಿಷ್ಠ ಮೊತ್ತವೂ ಇಲ್ಲ. ಅವರ ಪ್ರಕಾರ ಪುಕ್ಕಟೆ ಸಿಗುವುದನ್ನು ಬಿಟ್ಟು ದುಡ್ಡು ಕೊಡುವುದು ದಡ್ಡತನ, ಅದರಲ್ಲೂ ಮೂವತ್ತು ವರ್ಷ ಮುಟ್ಟದ ನಿವೃತ್ತಿ ಖಾತೆಯಲ್ಲಿ ಅಂತೂ ಸೊನ್ನೆ ಶುಲ್ಕಕ್ಕಿಂತ ಒಳ್ಳೆಯದು ಇನ್ನೇನಿದೆ ಅಂತ.

ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಪುಕ್ಕಟೆ ಅಂದ ಕೂಡಲೇ ನನಗೆ ಅನುಮಾನ ಬರುತ್ತದೆ. ಅವರಿಗೆ ಏನು ಲಾಭ? ಕೊಕ್ಕೆ ಎಲ್ಲಿದೆ?

ಉಳಿದ ವಿವರ: ಕಂಪನಿಯ ಮೂಲಕ ಇರುವ ನಿವೃತ್ತಿ ಖಾತೆ 401(ಕೆ)ಯಲ್ಲಿ ಹೆಚ್ಚಿನ ಹಣ ಒಂದು ಟಾರ್ಗೆಟ್ ಡೇಟ್ ಫಂಡಿನಲ್ಲಿದೆ (ನಿವೃತ್ತಿಯ ವರ್ಷ ನೋಡಿ ಷೇರು, ಬಾಂಡ್ ಪಾಲನ್ನು ತಾನೇ ಹೊಂದಿಸುವ ಫಂಡ್), ಅದರ ಶುಲ್ಕ 0.60% ಅಂತ ಕಾಣುತ್ತದೆ. ಎಚ್‌ಎಸ್‌ಎ (ಆಸ್ಪತ್ರೆ ಖರ್ಚಿಗೆ ಕೂಡಿಡುವ ಖಾತೆ) ಇದೆ, ಆದರೆ ಅದರ ಹಣ ಸುಮ್ನೆ ನಗದಾಗಿ ಕೂತಿದೆ, ಅದನ್ನೂ ಫಿಡೆಲಿಟಿಗೆ ಒಯ್ದು ಇದೇ ಫಂಡಿಗೆ ಹಾಕೋಣ ಅಂತ ಯೋಚನೆ. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಗ್ರೀನ್ ಕಾರ್ಡ್ ಇನ್ನೂ ಸರದಿಯಲ್ಲೇ ಇದೆ.

ಎಲ್ಲವನ್ನೂ ಫಿಡೆಲಿಟಿಗೆ ಸಾಗಿಸಬೇಕಾ, ಬೇಡವಾ?

---

ಚಿಲ್ಲರೆ_ಲೆಕ್ಕ

ಮೊದಲು ಲೆಕ್ಕ ಹಾಕೋಣ, ಆಮೇಲೆ ಅನುಮಾನ ಪಡೋಣ.

40,000ಕ್ಕೆ 0.03% ಅಂದರೆ ವರ್ಷಕ್ಕೆ 12 ಡಾಲರ್. ಅಷ್ಟೇ. ನೀವು ಉಳಿಸಲು ಹೊರಟಿರುವುದು ಇದನ್ನು. ಖಾತೆ ಪೂರ್ತಿ ಬೇರೆ ಕಡೆ ಹೋದರೆ 75ರಿಂದ 100 ಡಾಲರ್ ಕೀಳುವ ಬ್ರೋಕರ್‌ಗಳು ಬೇಕಾದಷ್ಟು ಇದ್ದಾರೆ. ನಿಮ್ಮವರೂ ಅದೇ ಜಾತಿಯವರಾದರೆ ಐದಾರು ವರ್ಷದ ಉಳಿತಾಯ ಬಾಗಿಲಲ್ಲೇ ಹೋಯಿತು. ಕೇಳಿ ನೋಡಿ, ಹೊಸ ಬ್ರೋಕರ್ ಕೆಲವೊಮ್ಮೆ ಅದನ್ನು ಭರಿಸಿಕೊಡುತ್ತಾರೆ.

ದೀರ್ಘಾವಧಿ ಲೆಕ್ಕವೂ ಹೇಳಿಬಿಡುತ್ತೇನೆ, ಯಾಕೆಂದರೆ "ಮೂವತ್ತು ವರ್ಷ ಆದರೆ ಎಷ್ಟು ದೊಡ್ಡದಾಗುತ್ತೆ ಗೊತ್ತಾ" ಅಂತ ಯಾರಾದರೂ ಬಂದೇ ಬರುತ್ತಾರೆ. ವರ್ಷಕ್ಕೆ 7,000 ಹಾಕುತ್ತೀರಿ, 7% ಬೆಳೆಯುತ್ತದೆ ಅಂತ ಇಟ್ಟುಕೊಳ್ಳಿ (7% ಅನ್ನುವುದು ಬರೀ ಉದಾಹರಣೆಗೆ, ಭರವಸೆ ಅಲ್ಲ). ಮೂವತ್ತು ವರ್ಷದ ಕೊನೆಗೆ ಸುಮಾರು 6,61,000 ಡಾಲರ್. ಅದರಲ್ಲಿ 0.03% ಕಳೆದು ಮಾಡಿದರೆ ಸುಮಾರು 3,500 ಕಡಿಮೆ ಬರುತ್ತದೆ. ಒಟ್ಟು ಮೊತ್ತದ ಅರ್ಧ ಪರ್ಸೆಂಟ್‌ಗಿಂತ ಸ್ವಲ್ಪ ಜಾಸ್ತಿ, ಅದೂ ಮೂವತ್ತು ವರ್ಷಕ್ಕೆ.

ಇದೇ ಲೆಕ್ಕದಲ್ಲಿ 0.60% ಹಾಕಿ ನೋಡಿ. ಹತ್ತಿರ ಹತ್ತಿರ 67,000 ಡಾಲರ್ ಕಡಿಮೆ! ನಿಮ್ಮ 401(ಕೆ)ಯಲ್ಲಿ ನಡೆಯುತ್ತಿರುವುದು ಇದು. ನೀವು ಅದನ್ನು "ಉಳಿದ ವಿವರ" ಅಂತ ಕೊನೆಗೆ ಬರೆದಿದ್ದೀರಿ. ನನ್ನ ಪ್ರಕಾರ ಪ್ರಶ್ನೆಯೇ ಅದಾಗಬೇಕಿತ್ತು.

401(ಕೆ)ಯ ಫಂಡ್ ಪಟ್ಟಿ ತೆಗೆದು, ಅದರಲ್ಲಿ "ಇಂಡೆಕ್ಸ್" ಅನ್ನುವ ಹೆಸರಿನವು ಎಷ್ಟಿವೆ ನೋಡಿ. ಎಸ್ ಆ್ಯಂಡ್ ಪಿ 500 (ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಸೂಚ್ಯಂಕ) ಇಂಡೆಕ್ಸ್ ಫಂಡ್ ಒಂದಾದರೂ ಇರುವ ಸಾಧ್ಯತೆ ಜಾಸ್ತಿ. 401(ಕೆ) ಒಳಗೆ ಒಂದರಿಂದ ಇನ್ನೊಂದಕ್ಕೆ ಬದಲಿಸಿದರೆ ತೆರಿಗೆ ಇಲ್ಲ. ಹತ್ತು ನಿಮಿಷದ ಕೆಲಸ.

---

ಹಳೇ_ಹೂಡಿಕೆ

ಮೇಲಿನ ಲೆಕ್ಕ ಸರಿ ಇದೆ. "ಕೊಕ್ಕೆ ಎಲ್ಲಿದೆ" ಅನ್ನುವುದಕ್ಕೆ ಯಾರೂ ಉತ್ತರ ಕೊಡಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ಝೀರೋ ಫಂಡ್‌ಗಳು ಬಂದದ್ದು 2018ರ ಆಗಸ್ಟ್‌ನಲ್ಲಿ. ಮೊದಲು ಎರಡು, ಅಮೆರಿಕದ ಟೋಟಲ್ ಮಾರ್ಕೆಟ್ ಮತ್ತು ಇಂಟರ್‌ನ್ಯಾಷನಲ್. ಮುಂದಿನ ತಿಂಗಳು ಲಾರ್ಜ್ ಕ್ಯಾಪ್ (ದೊಡ್ಡ ಕಂಪನಿಗಳು) ಮತ್ತು ಎಕ್ಸ್‌ಟೆಂಡೆಡ್ ಮಾರ್ಕೆಟ್ (ಉಳಿದ ಮಧ್ಯಮ, ಸಣ್ಣ ಕಂಪನಿಗಳು) ಸೇರಿಕೊಂಡವು. ಇದು ಮೊದಲ ಒಂದೆರಡು ವರ್ಷಕ್ಕೆ ಮಾತ್ರ ಕೊಡುವ ರಿಯಾಯಿತಿ ಅಲ್ಲ, ಫಂಡಿನ ಶುಲ್ಕವೇ ಸೊನ್ನೆ. ಈ ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಯಾವುದೇ ಫಂಡ್ "0%" ಅಂದರೆ ಅದರ ಪ್ರಾಸ್ಪೆಕ್ಟಸ್‌ನಲ್ಲಿ (ಫಂಡಿನ ವಿವರ ಪುಸ್ತಿಕೆ) ಶುಲ್ಕದ ಕೋಷ್ಟಕ ನೋಡಿ. "ವೇವರ್" (ಶುಲ್ಕ ಮನ್ನಾ) ಅಂತ ಒಂದು ಸಾಲು, ಅದರ ಪಕ್ಕದಲ್ಲಿ ಒಂದು ತಾರೀಖು ಇದ್ದರೆ ಆ ತಾರೀಖು ಆದಮೇಲೆ ಏನಾಗುತ್ತದೆ ಅಂತ ನೀವೇ ಊಹಿಸಿಕೊಳ್ಳಿ.

ಅವರಿಗೆ ಹೇಗೆ ಗಿಟ್ಟುತ್ತದೆ? ಒಂದು, ಎಸ್ ಆ್ಯಂಡ್ ಪಿ, ಎಂಎಸ್‌ಸಿಐ ಥರದವರ ಸೂಚ್ಯಂಕ ಬಳಸಿದರೆ ಅವರಿಗೆ ಲೈಸೆನ್ಸ್ ದುಡ್ಡು ಕೊಡಬೇಕು. ಫಿಡೆಲಿಟಿ ತನ್ನದೇ ಸೂಚ್ಯಂಕ ಮಾಡಿಕೊಂಡಿತು, ಆ ಖರ್ಚು ಹೋಯಿತು. ಎರಡು, ಇದು ಗಿರಾಕಿಯನ್ನು ಅಂಗಡಿ ಒಳಗೆ ಕರೆಯಲು ಬಾಗಿಲಲ್ಲಿ ಕೊಡುವ ಪುಕ್ಕಟೆ ಪಾನಕ. ಒಮ್ಮೆ ಖಾತೆ ತೆರೆದರೆ ನಿಮ್ಮ ನಗದು ಅಲ್ಲೇ ಇರುತ್ತದೆ, ಮುಂದೆ ಬೇರೆ ಫಂಡ್ ಕೊಳ್ಳುತ್ತೀರಿ, ಸಲಹೆ ಸೇವೆ ತೆಗೆದುಕೊಳ್ಳುತ್ತೀರಿ, ಅಪ್ಪ ಅಮ್ಮನ ಖಾತೆ ತರುತ್ತೀರಿ. ಇದರಲ್ಲಿ ಮೋಸ ಏನೂ ಇಲ್ಲ.

ಹಾಗಾದರೆ ವಿಟಿಐ ಮತ್ತು ಇದು ಒಂದೇನಾ? ಹೆಚ್ಚುಕಡಿಮೆ ಹೌದು. ಝೀರೋ ಟೋಟಲ್ ಮಾರ್ಕೆಟ್ (ನೀವು ಹೇಳಿದ ಎಫ್‌ಝಡ್‌ಆರ್‌ಒಎಕ್ಸ್) ಹಿಂಬಾಲಿಸುವ ಸೂಚ್ಯಂಕ ಅಮೆರಿಕದ ಅತಿ ದೊಡ್ಡ 3,000 ಕಂಪನಿಗಳದ್ದು. ವಿಟಿಐನಲ್ಲಿ ಅದಕ್ಕಿಂತ ಜಾಸ್ತಿ ಕಂಪನಿ ಇವೆ, ಆದರೆ ಆ ಹೆಚ್ಚುವರಿ ಕಂಪನಿಗಳೆಲ್ಲ ಪುಟಾಣಿಗಳು, ಒಟ್ಟು ತೂಕದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಝೀರೋ ಲಾರ್ಜ್ ಕ್ಯಾಪ್ ವಿಷಯದಲ್ಲಿ ಮಾತ್ರ ಒಂದು ಸೂಕ್ಷ್ಮ ಇದೆ. ಅದನ್ನು ಎಸ್ ಆ್ಯಂಡ್ ಪಿ 500 ಅಂತಲೇ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಎಸ್ ಆ್ಯಂಡ್ ಪಿಗೆ ಒಂದು ಸಮಿತಿ ಇದೆ, ಕಂಪನಿ ಲಾಭದಲ್ಲಿರಬೇಕು ಅನ್ನುವ ನಿಯಮ ಇದೆ. ಟೆಸ್ಲಾ ಅಷ್ಟು ದೊಡ್ಡದಾಗಿ ಬೆಳೆದಿದ್ದರೂ ಅದರೊಳಗೆ ಬಂದದ್ದು 2020ರ ಡಿಸೆಂಬರ್‌ನಲ್ಲಿ. ಗಾತ್ರ ನೋಡಿ ಆರಿಸುವ ಸೂಚ್ಯಂಕ ಹಾಗೆ ಸಮಿತಿಯ ಒಪ್ಪಿಗೆಗೆ ಕಾಯುವುದಿಲ್ಲ. ಇಂಥ ಸಣ್ಣ ಸಣ್ಣ ವ್ಯತ್ಯಾಸದಿಂದ ಒಂದು ವರ್ಷ ಇದು ಮುಂದೆ, ಇನ್ನೊಂದು ವರ್ಷ ಅದು ಮುಂದೆ. ಆ ಏರುಪೇರು ನಿಮ್ಮ 0.03%ಗಿಂತ ಸುಲಭವಾಗಿ ದೊಡ್ಡದಾಗುತ್ತದೆ. ಅಂದರೆ ಶುಲ್ಕ ಉಳಿಸಿದ್ದು ಕಣ್ಣಿಗೇ ಕಾಣುವುದಿಲ್ಲ.

ಮಧ್ಯೆ ಒಂದು ಮಾತು. 1976ರಲ್ಲಿ ವ್ಯಾನ್‌ಗಾರ್ಡ್‌ನ ಜಾನ್ ಬೋಗಲ್ ಸಾಮಾನ್ಯ ಜನರಿಗೆ ಮೊದಲ ಇಂಡೆಕ್ಸ್ ಫಂಡ್ ತಂದಾಗ 15 ಕೋಟಿ ಡಾಲರ್ ನಿರೀಕ್ಷೆ ಇತ್ತು, ಕೂಡಿದ್ದು 1.13 ಕೋಟಿ. ಬರೀ ಸರಾಸರಿ ಲಾಭಕ್ಕೆ ಜನ ಒಪ್ಪುತ್ತಾರಾ ಅಂತ ಆಗ ಮೂಗು ಮುರಿದವರಲ್ಲಿ ಫಿಡೆಲಿಟಿಯ ಮುಖ್ಯಸ್ಥರೂ ಇದ್ದರು. ಈಗ ಅದೇ ಸರಾಸರಿಯನ್ನು ಅವರೇ ಸೊನ್ನೆಗೆ ಮಾರುತ್ತಿದ್ದಾರೆ!

ಕೊಕ್ಕೆ ಅಂತ ಒಂದಿದ್ದರೆ ಅದು ಇದು: ಝೀರೋ ಫಂಡನ್ನು ಫಿಡೆಲಿಟಿಯ ಹೊರಗೆ ಹಾಗೇ ಸಾಗಿಸಲು ಆಗುವುದಿಲ್ಲ. ಬೇರೆ ಬ್ರೋಕರ್‌ಗೆ ಹೋಗಬೇಕಾದರೆ ಮಾರಲೇಬೇಕು. ಸಾಮಾನ್ಯ ತೆರಿಗೆ ಖಾತೆಯಲ್ಲಿ ಇದು ದೊಡ್ಡ ತೊಂದರೆ, ಯಾಕೆಂದರೆ ಇಪ್ಪತ್ತು ವರ್ಷದ ಲಾಭಕ್ಕೆ ಒಂದೇ ವರ್ಷ ತೆರಿಗೆ ಕಟ್ಟಬೇಕಾಗುತ್ತದೆ. ಅದಕ್ಕೇ ಎಲ್ಲರೂ ಝೀರೋ ಫಂಡನ್ನು ಐಆರ್‌ಎ ಒಳಗೆ ಇಡಿ, ಹೊರಗೆ ಬೇಡ ಅನ್ನುವುದು.

---

ಸುಮ್ನೆ_ಕೇಳ್ತೀನಿ

ಇಬ್ಬರಿಗೂ ಧನ್ಯವಾದ. 67,000 ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಒಂದು ಮಾತ್ರ ಅರ್ಥ ಆಗಲಿಲ್ಲ. ಐಆರ್‌ಎ ಒಳಗೆ ಮಾರಿದರೆ ತೆರಿಗೆಯೇ ಇಲ್ಲ ಅಂದಮೇಲೆ, ಹೊರಗೆ ಸಾಗಿಸಲು ಆಗದಿದ್ದರೆ ನನಗೇನು? ಮಾರಿ ನಗದು ಮಾಡಿಕೊಂಡು ಹೊರಟರೆ ಆಯಿತು, ಅಲ್ವಾ? ರಾತ್‌ಗೆ ಹೊಸದಾಗಿ ಹಾಕುವ ಹಣಕ್ಕಾದರೂ ಝೀರೋ ತೆಗೆದುಕೊಳ್ಳಬಹುದಲ್ಲ?

---

ಊರಿಗೆ_ಹೋಗೋ_ಪ್ಲಾನ್

ತೆರಿಗೆ ಇಲ್ಲ, ನಿಜ. ಆದರೆ ನೀವು "ಗ್ರೀನ್ ಕಾರ್ಡ್ ಸರದಿಯಲ್ಲಿದೆ" ಅಂತ ಬರೆದಿದ್ದೀರಿ. ನನಗೆ ಮುಖ್ಯ ಅನ್ನಿಸಿದ್ದು ಅದು.

ನಾಳೆ ಭಾರತಕ್ಕೆ ವಾಪಸ್ ಹೋದಿರಿ ಅಂತ ಇಟ್ಟುಕೊಳ್ಳಿ. ವಿಳಾಸ ಭಾರತದ್ದಾದ ಮೇಲೆ ಅಮೆರಿಕದ ಬ್ರೋಕರ್‌ಗಳು ಮ್ಯೂಚುವಲ್ ಫಂಡ್ ಹೊಸದಾಗಿ ಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಇಟ್ಟುಕೊಳ್ಳಬಹುದು, ಮಾರಬಹುದು, ಆದರೆ ಹೊಸದಾಗಿ ಕೊಳ್ಳುವ ಹಾಗಿಲ್ಲ. ಕೆಲವರು ಖಾತೆಯನ್ನೇ ಬೇರೆ ಕಡೆಗೆ ಒಯ್ಯಿರಿ ಅನ್ನುತ್ತಾರೆ. ಆಗ ನಿಮ್ಮ ಹತ್ತಿರ ವಿಟಿಐ ಥರದ ಇಟಿಎಫ್ (ಷೇರಿನ ಹಾಗೆ ಮಾರುಕಟ್ಟೆಯಲ್ಲಿ ಕೊಂಡು ಮಾರುವ ಫಂಡ್) ಇದ್ದರೆ ಹಾಗೇ ಎತ್ತಿಕೊಂಡು ಹೋಗಬಹುದು, ಒಂದು ಷೇರೂ ಮಾರಬೇಕಾಗಿಲ್ಲ. ಝೀರೋ ಇದ್ದರೆ ಮಾರಿ, ನಗದು ವರ್ಗಾವಣೆ ಆಗುವ ತನಕ ಕಾದು, ಆಮೇಲೆ ಕೊಳ್ಳಬೇಕು. ಆ ದಿನಗಳಲ್ಲಿ ನೀವು ಮಾರುಕಟ್ಟೆಯ ಹೊರಗೆ ಇರುತ್ತೀರಿ. ಬಿದ್ದರೆ ಅದೃಷ್ಟ, ಏರಿದರೆ 12 ಡಾಲರ್‌ನ ಎಷ್ಟೋ ವರ್ಷದ ಉಳಿತಾಯ ಒಂದೇ ಮಧ್ಯಾಹ್ನ ಹೋಗುತ್ತದೆ.

ಸೊನ್ನೆ ಶುಲ್ಕವೇ ಬೇಕು ಅಂತ ಹಟ ಇದ್ದರೆ ಬಿಎನ್‌ವೈ ಮೆಲನ್ 2020ರಲ್ಲಿ ತಂದ ಬಿಕೆಎಲ್‌ಸಿ ಅನ್ನುವ ಇಟಿಎಫ್ ನೋಡಿ. ದೊಡ್ಡ ಕಂಪನಿಗಳದ್ದು ಮಾತ್ರ, ಆದರೆ ಶುಲ್ಕ ಸೊನ್ನೆ ಇಟ್ಟು ಬಂದ ಇಟಿಎಫ್. ಇಟಿಎಫ್ ಆದ್ದರಿಂದ ಯಾವ ಬ್ರೋಕರ್ ಹತ್ತಿರ ಬೇಕಾದರೂ ಇಡಬಹುದು. ಆದರೂ ನಾನು ವಿಟಿಐ ಬಿಟ್ಟು ಅದಕ್ಕೆ ಹೋಗುವುದಿಲ್ಲ, 0.03%ಗೆ ಅಷ್ಟು ತಲೆ ಕೆಡಿಸಿಕೊಳ್ಳುವುದು ಜಾಸ್ತಿ ಆಯಿತು.

ಇನ್ನೊಂದು ವಿಷಯ, ಫಂಡ್ ಯಾವುದೇ ಇರಲಿ. ಅಮೆರಿಕದ ಪ್ರಜೆಯೂ ಅಲ್ಲದೆ, ಅಲ್ಲಿ ನೆಲೆಸಿಯೂ ಇಲ್ಲದ ವ್ಯಕ್ತಿ ತೀರಿಕೊಂಡರೆ ಅವರ ಅಮೆರಿಕದ ಆಸ್ತಿಯಲ್ಲಿ 60,000 ಡಾಲರ್ ದಾಟಿದ್ದಕ್ಕೆ ಎಸ್ಟೇಟ್ ತೆರಿಗೆ ಬರುತ್ತದೆ. ಅಮೆರಿಕದ ಷೇರು, ಫಂಡ್ ಎಲ್ಲ ಆ ಲೆಕ್ಕಕ್ಕೆ ಸೇರುತ್ತವೆ, ಭಾರತದ ಜೊತೆ ಆ ತೆರಿಗೆಗೆ ಒಪ್ಪಂದವೂ ಇಲ್ಲ. ಊರಿಗೆ ಹೋಗುವ ಯೋಚನೆ ಇರುವವರು ಎಕ್ಸ್‌ಪೆನ್ಸ್ ರೇಶಿಯೋಗಿಂತ ಮೊದಲು ಇದನ್ನು ಓದಿಕೊಳ್ಳಬೇಕು.

---

ಚಿಲ್ಲರೆ_ಲೆಕ್ಕ

@ಊರಿಗೆ_ಹೋಗೋ_ಪ್ಲಾನ್ ಎಸ್ಟೇಟ್ ತೆರಿಗೆ ಮಾತು ಒಪ್ಪುತ್ತೇನೆ. ಆದರೆ ಮಾರುಕಟ್ಟೆಯ ಹೊರಗೆ ಉಳಿಯುವ ಭಯ ಸ್ವಲ್ಪ ಜಾಸ್ತಿ ಆಯಿತು. ಮೊದಲು ಫಿಡೆಲಿಟಿ ಒಳಗೇ ಝೀರೋ ಮಾರಿ ವಿಟಿಐ ಕೊಂಡುಕೊಳ್ಳಿ, ಆಮೇಲೆ ವಿಟಿಐಯನ್ನು ಸಾಗಿಸಿ. ಮ್ಯೂಚುವಲ್ ಫಂಡ್ ಆ ದಿನದ ಕೊನೆಯ ಬೆಲೆಗೆ ಮಾರಾಟವಾಗುತ್ತದೆ, ಮರುದಿನ ಇಟಿಎಫ್ ಕೊಳ್ಳಬಹುದು. ಒಂದು ರಾತ್ರಿಯ ವಿಷಯ. ಐಆರ್‌ಎ ಒಳಗೆ ಇದಕ್ಕೆ ತೆರಿಗೆಯೂ ಇಲ್ಲ, ಫಾರ್ಮೂ ಇಲ್ಲ. ಊರಿಗೆ ಹೊರಡುವ ಮೊದಲು, ವಿಳಾಸ ಬದಲಿಸುವ ಮೊದಲು ಇದನ್ನು ಮಾಡಿಕೊಂಡರೆ ಮುಗಿಯಿತು.

ಹಾಗಾಗಿ ಈಗಾಗಲೇ ಫಿಡೆಲಿಟಿಯಲ್ಲಿ ರಾತ್ ಇರುವವರು ಧಾರಾಳವಾಗಿ ಝೀರೋ ಕೊಳ್ಳಲಿ, ನನ್ನ ಅಭ್ಯಂತರ ಇಲ್ಲ. ಝೀರೋಗೋಸ್ಕರವೇ ಖಾತೆ ಎತ್ತಿಕೊಂಡು ಹೋಗುವುದು ಮಾತ್ರ ವ್ಯರ್ಥ ಅಂತ ನನ್ನ ವಾದ. ಅಲ್ಲೇ ಎಫ್‌ಎಸ್‌ಕೆಎಎಕ್ಸ್ ಅಂತ ಇನ್ನೊಂದು ಟೋಟಲ್ ಮಾರ್ಕೆಟ್ ಫಂಡ್ ಇದೆ, 0.015%. ಹತ್ತು ಸಾವಿರಕ್ಕೆ ವರ್ಷಕ್ಕೆ ಒಂದೂವರೆ ಡಾಲರ್. ಸೊನ್ನೆಗೂ ಅದಕ್ಕೂ ವ್ಯತ್ಯಾಸ ಹೆಸರಿನಲ್ಲಿದೆ ಅಷ್ಟೇ.

@ಸುಮ್ನೆ_ಕೇಳ್ತೀನಿ ಹೊಸ ಹಣವನ್ನು ಬೇರೆ ಬ್ರೋಕರ್‌ನಲ್ಲಿ ಹಾಕಬಹುದಾ ಅಂದರೆ ಹಾಕಬಹುದು. ರಾತ್ ಖಾತೆ ಎಷ್ಟಾದರೂ ಇರಲಿ, ವರ್ಷದ ಮಿತಿ ಎಲ್ಲಕ್ಕೂ ಸೇರಿ ಒಂದೇ. 50 ವರ್ಷದೊಳಗಿನವರಿಗೆ 2025ಕ್ಕೆ 7,000, 2026ಕ್ಕೆ 7,500. ಆದರೆ 7,500ಕ್ಕೆ 0.03% ಅಂದರೆ 2 ಡಾಲರ್ 25 ಸೆಂಟ್. ಅದಕ್ಕೋಸ್ಕರ ಇನ್ನೊಂದು ಲಾಗಿನ್, ಇನ್ನೊಂದು ಪಾಸ್‌ವರ್ಡ್, ಇನ್ನೊಂದು ನಾಮಿನಿ ಫಾರ್ಮ್. ನಿಮ್ಮಿಷ್ಟ.

---

ಕ್ಯಾಲಿ_ತೆರಿಗೆ

ಎಲ್ಲರೂ ಐಆರ್‌ಎ ಬಗ್ಗೆಯೇ ಮಾತಾಡುತ್ತಿದ್ದೀರಿ. ಅವರ ಎಚ್‌ಎಸ್‌ಎ ಮರೆತೇಬಿಟ್ಟಿರಾ?

ಎಚ್‌ಎಸ್‌ಎಗೆ ಮೂರು ಕಡೆ ತೆರಿಗೆ ಲಾಭ ಅಂತ ಎಲ್ಲರೂ ಹೇಳುತ್ತಾರೆ. ಹಾಕುವಾಗ ಇಲ್ಲ, ಬೆಳೆಯುವಾಗ ಇಲ್ಲ, ಆಸ್ಪತ್ರೆ ಖರ್ಚಿಗೆ ತೆಗೆಯುವಾಗಲೂ ಇಲ್ಲ. ಅದು ಫೆಡರಲ್ ಲೆಕ್ಕ. ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿ ಎಚ್‌ಎಸ್‌ಎಯನ್ನು ಒಪ್ಪುವುದೇ ಇಲ್ಲ. ಈ ಎರಡು ರಾಜ್ಯಗಳ ಕಣ್ಣಿಗೆ ಅದು ಮಾಮೂಲಿ ಖಾತೆ. ಡಿವಿಡೆಂಡ್‌ಗೆ ರಾಜ್ಯದ ತೆರಿಗೆ, ಮಾರಿದರೆ ಬಂದ ಲಾಭಕ್ಕೂ ರಾಜ್ಯದ ತೆರಿಗೆ.

ಈಗ ಮೇಲೆ ಹೇಳಿದ್ದನ್ನು ಇದಕ್ಕೆ ಹಚ್ಚಿ ನೋಡಿ. "ಝೀರೋ ಫಂಡ್ ಹೊರಗೆ ಸಾಗಿಸಲು ಆಗುವುದಿಲ್ಲ, ಆದರೆ ತೆರಿಗೆ ಇಲ್ಲದ ಖಾತೆಯಲ್ಲಿ ಪರವಾಗಿಲ್ಲ" ಅನ್ನುವ ಮಾತು ರಾತ್‌ಗೆ ಸರಿ. ಕ್ಯಾಲಿಫೋರ್ನಿಯಾದ ಎಚ್‌ಎಸ್‌ಎಗೆ ತಪ್ಪು. ಹದಿನೈದು ವರ್ಷ ಆದಮೇಲೆ ಎಚ್‌ಎಸ್‌ಎ ಬೇರೆ ಕಡೆಗೆ ಒಯ್ಯಬೇಕು ಅನ್ನಿಸಿದರೆ ಝೀರೋ ಮಾರಬೇಕು, ಮಾರಿದ ಲಾಭ ರಾಜ್ಯದ ರಿಟರ್ನ್‌ನಲ್ಲಿ ತೋರಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ದೀರ್ಘಾವಧಿ ಲಾಭಕ್ಕೆ ಕಡಿಮೆ ದರ ಅಂತ ಏನೂ ಇಲ್ಲ, ಸಂಬಳಕ್ಕೆ ಹಾಕುವ ದರವನ್ನೇ ಹಾಕುತ್ತಾರೆ.

ಆದರೆ ಝೀರೋ ಪರವಾಗಿಯೂ ಒಂದು ಮಾತಿದೆ. ಅದು ಡಿವಿಡೆಂಡ್ ಕೊಡುವುದು ವರ್ಷಕ್ಕೆ ಒಮ್ಮೆ, ಡಿಸೆಂಬರ್‌ನಲ್ಲಿ. ವಿಟಿಐ ಮೂರು ತಿಂಗಳಿಗೊಮ್ಮೆ ಕೊಡುತ್ತದೆ. ಎಚ್‌ಎಸ್‌ಎ ಒಳಗಿನ ಲೆಕ್ಕ ನೀವೇ ಬರೆದಿಡಬೇಕಾದ್ದರಿಂದ ವರ್ಷಕ್ಕೆ ಒಂದೇ ಸಾಲು ಅನ್ನುವುದು ಸಣ್ಣ ಸುಖ ಅಲ್ಲ. ಫಿಡೆಲಿಟಿ ಎಚ್‌ಎಸ್‌ಎಗೆ ಖಾತೆ ಶುಲ್ಕವೂ ಇಲ್ಲ, ಹಾಗಾಗಿ ಅಲ್ಲಿಂದ ಹೊರಡುವ ಕಾರಣ ಬರುವುದೇ ಕಡಿಮೆ. ನಾನಾದರೆ ಎಚ್‌ಎಸ್‌ಎಯನ್ನು ಫಿಡೆಲಿಟಿಗೆ ಖಂಡಿತ ತರುತ್ತೇನೆ, ನಗದಾಗಿ ಕೊಳೆಯುತ್ತಿರುವುದಕ್ಕಿಂತ ಯಾವುದಾದರೂ ವಾಸಿ. ಒಳಗೆ ಮಾತ್ರ ಇಟಿಎಫ್ ಇಡುತ್ತೇನೆ. ಲೆಕ್ಕ ಬರೆಯುವುದು ಬೇಜಾರು ಅನ್ನುವವರು ಝೀರೋ ಇಡಲಿ, ಜಗಳ ಇಲ್ಲ.

ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಾಸ್‌ಗೋ ವಾಷಿಂಗ್ಟನ್‌ಗೋ ಹೋದರೆ ಇದಿಷ್ಟೂ ಮರೆತುಬಿಡಿ.

---

ಸುಮ್ನೆ_ಕೇಳ್ತೀನಿ

ಇದು ಯಾರೂ ಹೇಳಿರಲಿಲ್ಲ. ಎಚ್‌ಎಸ್‌ಎಗೆ ಕ್ಯಾಲಿಫೋರ್ನಿಯಾ ತೆರಿಗೆ ಹಾಕುತ್ತದೆ ಅಂತ ನಮ್ಮ ಆಫೀಸಿನ ಬೆನಿಫಿಟ್ಸ್ ಪುಸ್ತಕದಲ್ಲಿ ಅಡಿಟಿಪ್ಪಣಿ ಕೂಡ ಇಲ್ಲ.

ಸರಿ, ಸದ್ಯಕ್ಕೆ ರಾತ್ ಇದ್ದಲ್ಲೇ ಇರಲಿ, ವಿಟಿಐನಲ್ಲೇ ಇರಲಿ. 401(ಕೆ) ಪಟ್ಟಿ ಈಗ ನೋಡಿದೆ. ಎಸ್ ಆ್ಯಂಡ್ ಪಿ 500 ಇಂಡೆಕ್ಸ್ ಒಂದಿದೆ, ಶುಲ್ಕ 0.02%, ಪಟ್ಟಿಯ ಕೆಳಗೆ ಎಲ್ಲೋ ಮೂಲೆಯಲ್ಲಿ ಇಟ್ಟಿದ್ದಾರೆ. ಬಾಂಡ್ ಇಂಡೆಕ್ಸ್ ಕೂಡ ಇದೆ. ಟಾರ್ಗೆಟ್ ಡೇಟ್ ಫಂಡ್ ತಾನೇ ಬಾಂಡ್ ಪಾಲು ನೋಡಿಕೊಳ್ಳುತ್ತಿತ್ತು, ಇನ್ನು ನಾನೇ ನೋಡಬೇಕು, ಅಷ್ಟು ಮಾಡುತ್ತೇನೆ.

ಎಚ್‌ಎಸ್‌ಎಯನ್ನು ಫಿಡೆಲಿಟಿಗೆ ತರುತ್ತೇನೆ. ಅಲ್ಲಿಯ ಡಿವಿಡೆಂಡ್ ಲೆಕ್ಕಕ್ಕೆ 1099 ಫಾರ್ಮ್ (ವರ್ಷದ ಆದಾಯ ತೋರಿಸುವ ತೆರಿಗೆ ಫಾರ್ಮ್) ಕಳಿಸುತ್ತಾರಾ, ಅಥವಾ ನಾನೇ ಕೂಡಿಸಬೇಕಾ?

---

ಕ್ಯಾಲಿ_ತೆರಿಗೆ

ಹಣ ಹೊರಗೆ ತೆಗೆದರೆ ಮಾತ್ರ 1099-ಎಸ್‌ಎ ಬರುತ್ತದೆ. ಒಳಗಿನ ಡಿವಿಡೆಂಡ್‌ಗಾಗಲಿ ಮಾರಾಟಕ್ಕಾಗಲಿ ಮಾಮೂಲಿ 1099 ಕಾಯುತ್ತಾ ಕೂರಬೇಡಿ. ಡಿಸೆಂಬರ್‌ನ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ, ಆ ವರ್ಷದ ಡಿವಿಡೆಂಡ್, ಬಡ್ಡಿ ಕೂಡಿಸಿ, ರಾಜ್ಯದ ರಿಟರ್ನ್‌ನಲ್ಲಿ ಶೆಡ್ಯೂಲ್ ಸಿಎಯಲ್ಲಿ ಸೇರಿಸಿ. ಕಂಪನಿ ನಿಮ್ಮ ಸಂಬಳದಿಂದ ಎಚ್‌ಎಸ್‌ಎಗೆ ಹಾಕಿದ್ದೂ ಕ್ಯಾಲಿಫೋರ್ನಿಯಾಗೆ ಆದಾಯವೇ. ಡಬ್ಲ್ಯು-2ನಲ್ಲಿ (ಕಂಪನಿ ಕೊಡುವ ಸಂಬಳದ ತೆರಿಗೆ ಫಾರ್ಮ್) ಬಾಕ್ಸ್ 1ಕ್ಕಿಂತ (ಫೆಡರಲ್ ಲೆಕ್ಕದ ಸಂಬಳ) ಬಾಕ್ಸ್ 16 (ರಾಜ್ಯದ ಲೆಕ್ಕದ ಸಂಬಳ) ಜಾಸ್ತಿ ಇದೆಯಾ ನೋಡಿ. ಇದ್ದರೆ ಕಂಪನಿಯೇ ಸೇರಿಸಿದೆ ಅಂತ ಅರ್ಥ, ನೀವು ಮತ್ತೊಮ್ಮೆ ಸೇರಿಸಬೇಡಿ.